ಪುಟದೊಳಗೆ ಕೂರಿಸಿದ ಪುಟಕ್ಕೆ ಕ್ಯಾಮೆರಾ ಅನುಮತಿ: ಒಂದೊಂದು ಬ್ರೌಸರ್‌ಗೂ ಒಂದೊಂದು ಡೀಫಾಲ್ಟ್ ಏಕೆ?

ಪ್ರಶ್ನೆ: ಬಿಜೈ ವೆಬ್

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ಮೂವರು ಸೇರಿ ನಡೆಸುವ ಒಂದು ಸಣ್ಣ ಕಚೇರಿಯಲ್ಲಿ ನಾನು ವೆಬ್‌ಸೈಟ್ ಕಟ್ಟುವ ಕೆಲಸ ಮಾಡುತ್ತೇನೆ. ಉಡುಪಿಯ ಒಂದು ಫಿಸಿಯೋಥೆರಪಿ ಕ್ಲಿನಿಕ್‌ಗೆ ನಾವು ಮಾಡಿಕೊಟ್ಟ ಸೈಟ್‌ನಲ್ಲಿ ಮೂರು ವಾರಗಳಿಂದ ಒಂದು ತೊಡಕು ಬಿಡಿಸಲಾಗದೆ ಉಳಿದಿದೆ. ಅದನ್ನು ಇಲ್ಲಿ ವಿವರವಾಗಿ ಇಡುತ್ತಿದ್ದೇನೆ.

ಹೆಬ್ರಿ, ಕಾರ್ಕಳದ ಕಡೆಯ ವಯಸ್ಸಾದ ರೋಗಿಗಳಿಗೆ ಜಡಿಮಳೆಯಲ್ಲಿ ಬಸ್ಸು ಹಿಡಿದು ಉಡುಪಿಗೆ ಬರುವುದು ಕಷ್ಟವೆಂದು, ಮಂಡಿ ಮತ್ತು ಸೊಂಟದ ವ್ಯಾಯಾಮಗಳನ್ನು ವಿಡಿಯೋ ಕರೆಯ ಮೂಲಕವೇ ನೋಡಿ ತಿದ್ದುವ ಏರ್ಪಾಡನ್ನು ಕ್ಲಿನಿಕ್‌ನವರು ಕೇಳಿದರು. ವಿಡಿಯೋ ಕೊಠಡಿಯನ್ನು ನಾವು ಬರೆದಿಲ್ಲ. ಅದು ಬೇರೊಂದು ಸಂಸ್ಥೆಯದು, ನಮ್ಮ ಪುಟದೊಳಗೆ ಐಫ್ರೇಮ್ ಆಗಿ, ಅಂದರೆ ಪುಟದೊಳಗಿನ ಇನ್ನೊಂದು ಪುಟವಾಗಿ, ಕೂರುತ್ತದೆ. ಅದರ ಕೆಳಗೆ ಹೊರಗಿನಿಂದ ಎಂಬೆಡ್ ಮಾಡಿದ ವ್ಯಾಯಾಮದ ವಿಡಿಯೋಗಳಿವೆ. ಐಫ್ರೇಮ್ ಟ್ಯಾಗ್‌ನ ಅಲೋ ಆಟ್ರಿಬ್ಯೂಟ್‌ನಲ್ಲಿ (ಒಳಪುಟಕ್ಕೆ ಏನನ್ನು ಬಳಸಲು ಬಿಡುತ್ತೇವೆಂದು ಹೇಳುವ ಗುಣ) ಕ್ಯಾಮೆರಾ ಮತ್ತು ಮೈಕ್ರೋಫೋನ್ ಎರಡನ್ನೂ ನಮೂದಿಸಿದ್ದೇನೆ.

ನನ್ನ ಲ್ಯಾಪ್‌ಟಾಪ್‌ನ ಫೈರ್‌ಫಾಕ್ಸ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತದೆ: ಅನುಮತಿ ಕೇಳುತ್ತದೆ, ಕೊಟ್ಟರೆ ಮುಖ ಕಾಣಿಸುತ್ತದೆ. ಆದರೆ ಕ್ಲಿನಿಕ್‌ನ ಮೇಜಿನ ಮೇಲಿರುವ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಅನುಮತಿ ಕೇಳುವ ಪೆಟ್ಟಿಗೆಯೇ ಬರುವುದಿಲ್ಲ. ಕೊಠಡಿಯ ಜಾಗದಲ್ಲಿ ಕಪ್ಪು ಚೌಕ ಮಾತ್ರ ಉಳಿಯುತ್ತದೆ. ಮೂರನೆಯದು ಹೆಬ್ರಿಯ ಒಬ್ಬ ಹಿರಿಯ ಮಹಿಳೆಯ ಐಪ್ಯಾಡ್. ಕಳೆದ ಶನಿವಾರ ನಾನೇ ಅಲ್ಲಿಗೆ ಹೋಗಿ ಅವರ ಪಕ್ಕದಲ್ಲಿ ಕುಳಿತು ನೋಡಿದೆ. ಅವರು ಒದ್ದೆ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಸಫಾರಿಯ ಅನುಮತಿ ಬಟನ್ ಒತ್ತಿದರು, ಪೂರ್ವಪರೀಕ್ಷೆಯ ಚೌಕದಲ್ಲಿ ಅವರ ಮುಖ ಸ್ಪಷ್ಟವಾಗಿ ಕಂಡಿತು, ಕೊಠಡಿಗೆ ಸೇರುವ ಬಟನ್ ಒತ್ತಿದ ಕೂಡಲೇ ಮತ್ತೆ ಲಾಗಿನ್ ಪುಟ ಬಂದು ನಿಂತಿತು. ನಾಲ್ಕು ಬಾರಿ ಹೀಗೆಯೇ ಆಯಿತು. ತಾನೇ ಏನೋ ತಪ್ಪು ಒತ್ತುತ್ತಿದ್ದೇನೆಯೇ ಎಂದು ಅವರು ತುಳುವಿನಲ್ಲಿ ಮತ್ತೆ ಮತ್ತೆ ಕೇಳುತ್ತಿದ್ದರು. ತಪ್ಪು ಅವರದಲ್ಲ ಎಂದು ಹೇಳಬಲ್ಲವನಾಗಿದ್ದೆನೇ ಹೊರತು ಯಾರದು ಎಂದು ಹೇಳಲು ನನಗೆ ಗೊತ್ತಿರಲಿಲ್ಲ.

ನನ್ನ ಪ್ರಶ್ನೆ ಎರಡು. ಎಂಬೆಡ್ ಮಾಡಿದ ಪುಟಕ್ಕೆ ಯಾವ ಅನುಮತಿ ತಾನಾಗಿ ಸಿಗಬೇಕು, ಯಾವುದು ಸಿಗಬಾರದು ಎಂಬುದಕ್ಕೆ ಎಲ್ಲ ಬ್ರೌಸರ್‌ಗಳೂ ಒಪ್ಪಿಕೊಂಡ ಒಂದು ಡೀಫಾಲ್ಟ್ (ಯಾರೂ ಏನೂ ಬದಲಿಸದಿದ್ದಾಗ ತಾನಾಗಿ ಅನ್ವಯವಾಗುವ ಏರ್ಪಾಡು) ಎಲ್ಲಿಯಾದರೂ ಬರೆದಿಟ್ಟಿದೆಯೇ? ಇದ್ದರೆ ಮೂರು ಕಡೆ ಮೂರು ಫಲ ಏಕೆ ಬರುತ್ತಿದೆ? ಇದನ್ನು ತಿಳಿಯದೆ ಈ ಸೈಟ್‌ಗೆ ತೇಪೆ ಹಚ್ಚಿ ಮುಗಿಸಲು ನನಗೆ ಮನಸ್ಸಿಲ್ಲ. ಮುಂದಿನ ತಿಂಗಳು ಇದೇ ರೀತಿಯ ಇನ್ನೊಂದು ಕೆಲಸ ಕೈಗೆ ಬರಲಿದೆ.

ಉತ್ತರ: ಸೀತಾನದಿ

ಬಿಜೈಯವರೇ, ನೀವು ಲಕ್ಷಣಗಳನ್ನು ಬಿಡಿಬಿಡಿಯಾಗಿ ಬರೆದದ್ದು ಉಪಕಾರವಾಯಿತು. ನಾನು ಮಣಿಪಾಲದಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ, ಇದೇ ಗೋಜಲಿನಲ್ಲಿ ಸಾಕಷ್ಟು ದಿನ ಕಳೆದಿದ್ದೇನೆ. ಓದುತ್ತಿದ್ದ ಹಾಗೆಯೇ ನನಗೆ ಅನಿಸಿದ್ದು, ಇದು ಒಂದು ತೊಂದರೆಯ ಮೂರು ಮುಖಗಳಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೊಂದರೆಗಳು ಒಂದೇ ಪುಟದಲ್ಲಿ ಸೇರಿಕೊಂಡಿವೆ ಎಂದು.

ಮೊದಲು ನಿಮ್ಮ ಮೊದಲ ಪ್ರಶ್ನೆ. ಹೌದು, ಬರೆದಿಟ್ಟಿದೆ. ವೆಬ್‌ನ ನಿಯಮಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ವೆಬ್ ಅಪ್ಲಿಕೇಶನ್ ಸೆಕ್ಯುರಿಟಿ ಕಾರ್ಯಗುಂಪು ರೂಪಿಸುವ ಪರ್ಮಿಶನ್ಸ್ ಪಾಲಿಸಿ ಎಂಬ ನಿಯಮಾವಳಿ ಅದರ ಚೌಕಟ್ಟು. ಅದರ ಹಳೆಯ ಹೆಸರು ಫೀಚರ್ ಪಾಲಿಸಿ. 2020ರಲ್ಲಿ ಹೆಸರು ಬದಲಾಯಿತು, ಹೊಸ ಬರವಣಿಗೆಯ ಕ್ರಮದ ಹೆಡರ್ (ಸರ್ವರ್ ಪುಟದ ಜೊತೆ ಕಳುಹಿಸುವ ಸೂಚನೆಯ ಸಾಲು) 2021ರ ಜನವರಿಯಲ್ಲಿ ಕ್ರೋಮ್ 88ರೊಂದಿಗೆ ಬಂತು. ಆದರೆ ಈ ನಿಯಮಾವಳಿಯೇ ಎಲ್ಲ ಡೀಫಾಲ್ಟ್‌ಗಳನ್ನೂ ಹೇಳುವುದಿಲ್ಲ. ಪ್ರತಿಯೊಂದು ಸೌಲಭ್ಯವೂ ತನ್ನ ಡೀಫಾಲ್ಟ್ ಪಟ್ಟಿಯನ್ನು ತನ್ನದೇ ನಿಯಮಾವಳಿಯಲ್ಲಿ ಹೇಳಿಕೊಳ್ಳುತ್ತದೆ: ಕ್ಯಾಮೆರಾ ಮತ್ತು ಮೈಕ್ರೋಫೋನಿನದು ಮೀಡಿಯಾ ಕ್ಯಾಪ್ಚರ್ ದಾಖಲೆಯಲ್ಲಿ, ಸ್ಥಳ ಮಾಹಿತಿಯದು ಜಿಯೋಲೊಕೇಶನ್ ದಾಖಲೆಯಲ್ಲಿ, ತಾನಾಗಿ ವಿಡಿಯೋ ಓಡಿಸುವ ಆಟೋಪ್ಲೇಯದು ಎಚ್‌ಟಿಎಂಎಲ್ ನಿಯಮಾವಳಿಯಲ್ಲಿ. ಈ ನಾಲ್ಕಕ್ಕೂ ಡೀಫಾಲ್ಟ್ 'ಸೆಲ್ಫ್', ಅಂದರೆ ಮೇಲಿನ ಪುಟಕ್ಕೂ ಅದೇ ಒರಿಜಿನ್‌ನ (https ಮತ್ತು ಪೂರ್ತಿ ಡೊಮೇನ್ ಹೆಸರು ಸೇರಿದ ವಿಳಾಸ) ಒಳಪುಟಗಳಿಗೂ ಸಿಗುತ್ತದೆ, ಹೊರಗಿನವರ ಐಫ್ರೇಮ್‌ಗೆ ನಾವು ಕೈಯೆತ್ತಿ ಕೊಟ್ಟರೆ ಮಾತ್ರ ಸಿಗುತ್ತದೆ. ಪಿಕ್ಚರ್-ಇನ್-ಪಿಕ್ಚರ್‌ನಂತಹ ಕೆಲವಕ್ಕೆ ಡೀಫಾಲ್ಟ್ ನಕ್ಷತ್ರ ಚಿಹ್ನೆ, ಅಂದರೆ ಯಾರಿಗೂ ತಡೆಯಿಲ್ಲ.

ಈ 'ಸೆಲ್ಫ್' ಮೊದಲಿನಿಂದ ಇದ್ದದ್ದಲ್ಲ. ಹಿಂದೆ ಯಾವ ಐಫ್ರೇಮ್ ಬೇಕಾದರೂ ತನ್ನ ಹೆಸರಿನಲ್ಲೇ ಕ್ಯಾಮೆರಾ ಕೇಳಬಹುದಿತ್ತು. ಕ್ರೋಮ್ 2018ರಲ್ಲಿ 64ನೇ ಆವೃತ್ತಿಯಿಂದ ಅದನ್ನು ನಿಲ್ಲಿಸಿತು. ಫೈರ್‌ಫಾಕ್ಸ್ ಆ ದಾರಿಗೆ ಬಂದದ್ದು 2020ರ ಮಾರ್ಚ್‌ನಲ್ಲಿ, 74ನೇ ಆವೃತ್ತಿಯಲ್ಲಿ. ನಡುವಿನ ಎರಡು ವರ್ಷ ಒಂದೇ ಪುಟ ಎರಡು ಬ್ರೌಸರ್‌ಗಳಲ್ಲಿ ಎರಡು ರೀತಿ ವರ್ತಿಸುತ್ತಿತ್ತು ಎಂಬುದನ್ನು ಗಮನಿಸಿ. ನಿಯಮ ಒಂದೇ ಆದರೂ ಅದನ್ನು ಜಾರಿಗೆ ತರುವ ದಿನ ಒಂದೇ ಆಗಿರುವುದಿಲ್ಲ.

ಈಗ ಎರಡನೇ ಪ್ರಶ್ನೆ. ಅನುಮತಿ ಕೊಡಲು ಎರಡು ಬೀಗದಕೈಗಳಿವೆ. ಒಂದು ಸರ್ವರ್ ಕಳುಹಿಸುವ ಪರ್ಮಿಶನ್ಸ್-ಪಾಲಿಸಿ ಹೆಡರ್, ಇನ್ನೊಂದು ನೀವು ಬರೆದ ಅಲೋ ಆಟ್ರಿಬ್ಯೂಟ್. ಹೆಡರ್ ಬೇಡವೆಂದದ್ದನ್ನು ಅಲೋ ಆಟ್ರಿಬ್ಯೂಟ್ ಕೊಡಲಾರದು. ಮುಖ್ಯವಾದ ಮಾತು ಇದು: ಕ್ರೋಮ್ ಮತ್ತು ಅದೇ ಎಂಜಿನ್‌ನ ಎಡ್ಜ್ ಮೊದಲಾದವು ಹೆಡರ್ ಮತ್ತು ಅಲೋ ಎರಡನ್ನೂ ಓದುತ್ತವೆ, ಫೈರ್‌ಫಾಕ್ಸ್ ಮತ್ತು ಸಫಾರಿ ಅಲೋ ಆಟ್ರಿಬ್ಯೂಟನ್ನು ಮಾತ್ರ ಓದುತ್ತವೆ, ಹೆಡರ್ ಅನ್ನು ಡೀಫಾಲ್ಟ್ ಸ್ಥಿತಿಯಲ್ಲಿ ಗಣಿಸುವುದಿಲ್ಲ. ಪೆಟ್ಟಿಗೆಯೇ ಬಾರದೆ ಕ್ರೋಮ್‌ನಲ್ಲಿ ಮಾತ್ರ ಕಪ್ಪು ಚೌಕ ನಿಲ್ಲುತ್ತಿದೆಯೆಂದರೆ, ನಿಮ್ಮ ಸರ್ವರ್‌ನ ಹೆಡರ್‌ನಲ್ಲಿ ಎಲ್ಲೋ ಕ್ಯಾಮೆರಾ=() ಎಂಬ ಖಾಲಿ ಆವರಣ ಕುಳಿತಿರಬೇಕೆಂದು ನನ್ನ ಊಹೆ. ಖಾಲಿ ಆವರಣವೆಂದರೆ ಯಾರಿಗೂ ಇಲ್ಲ, ನಿಮ್ಮ ಸ್ವಂತ ಪುಟಕ್ಕೂ ಇಲ್ಲ. ಭದ್ರತೆಯ ಟೆಂಪ್ಲೇಟ್‌ಗಳಲ್ಲಿ ಈ ಸಾಲು ಸಾಮಾನ್ಯವಾಗಿ ಇರುತ್ತದೆ, ಸೇರಿಸಿದವರಿಗೂ ನೆನಪಿರುವುದಿಲ್ಲ.

ಆ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಡೆವ್‌ಟೂಲ್ಸ್ (ಪುಟದ ಒಳಗನ್ನು ತೋರಿಸುವ ಉಪಕರಣ) ತೆರೆದು ಅಪ್ಲಿಕೇಶನ್ ಟ್ಯಾಬ್‌ಗೆ ಹೋಗಿ, ಫ್ರೇಮ್ಸ್ ಎಂಬಲ್ಲಿ ನಿಮ್ಮ ಪುಟವನ್ನೂ ನಂತರ ಒಳಗಿನ ಐಫ್ರೇಮನ್ನೂ ಒಂದೊಂದಾಗಿ ಆರಿಸಿ ನೋಡಿ. ಪರ್ಮಿಶನ್ಸ್ ಪಾಲಿಸಿ ಎಂಬ ವಿಭಾಗದಲ್ಲಿ ತಡೆಯಲಾದ ಸೌಲಭ್ಯಗಳ ಪಟ್ಟಿಯೂ, ತಡೆದದ್ದು ಹೆಡರೋ ಐಫ್ರೇಮ್ ಆಟ್ರಿಬ್ಯೂಟೋ ಎಂಬುದೂ ಕಾಣುತ್ತದೆ. ಐಪ್ಯಾಡ್‌ನದು ಬೇರೆ ಕಥೆ. ಅಲ್ಲಿ ಕ್ಯಾಮೆರಾ ಸಿಕ್ಕಿದೆ, ಹಾಗಾಗಿ ಅದಕ್ಕೂ ಅನುಮತಿಗೂ ಸಂಬಂಧವಿಲ್ಲ. ಮೊದಲು ಇದನ್ನು ನೋಡಿ ಬನ್ನಿ.

ಉತ್ತರ: ಪಡುಕೆರೆ

ಸೀತಾನದಿಯವರ ವಿವರಣೆಯನ್ನು ಒಪ್ಪುತ್ತೇನೆ. ಆದರೂ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸಬೇಕಾಗಿದೆ. ವಿಡಿಯೋ ಕೊಠಡಿಯನ್ನು ಐಫ್ರೇಮ್‌ನಲ್ಲಿ ಏಕೆ ಕೂರಿಸಬೇಕು? ಅದನ್ನು ಹೊಸ ಟ್ಯಾಬ್‌ನಲ್ಲಿ ತೆರೆದರೆ ಅದೇ ಮೇಲಿನ ಪುಟವಾಗುತ್ತದೆ, ಅನುಮತಿಯನ್ನು ಕೈಬದಲಿಸುವ ಪ್ರಶ್ನೆಯೇ ಏಳುವುದಿಲ್ಲ, ಲಾಗಿನ್‌ನ ತೊಂದರೆಯೂ ಬಹುಮಟ್ಟಿಗೆ ಹೋಗುತ್ತದೆ. ಬ್ರೌಸರ್‌ಗಳು ತಮ್ಮ ತಮ್ಮಲ್ಲಿ ಹೊಂದಾಣಿಕೆ ಮಾಡಿಕೊಳ್ಳುವ ತನಕ ರೋಗಿಗಳನ್ನು ಕಾಯಿಸುವುದು ಸರಿಯಲ್ಲ. ನಾನು ಮಾಡಿದ ಎರಡು ಸೈಟ್‌ಗಳಲ್ಲಿ ಈ ಹಾದಿಯನ್ನೇ ಹಿಡಿದಿದ್ದೇನೆ.

ಉತ್ತರ: ಬಿಜೈ ವೆಬ್

ಇಬ್ಬರಿಗೂ ಧನ್ಯವಾದಗಳು. ನಿನ್ನೆ ಉಡುಪಿಗೆ ಹೋಗಿ ಕ್ಲಿನಿಕ್‌ನ ಕಂಪ್ಯೂಟರ್‌ನಲ್ಲಿ ಸೀತಾನದಿಯವರು ಹೇಳಿದ ಜಾಗವನ್ನು ತೆರೆದೆ. ಊಹೆ ಅಕ್ಷರಶಃ ನಿಜವಾಗಿದೆ. ಕ್ಯಾಮೆರಾ, ಮೈಕ್ರೋಫೋನ್, ಜಿಯೋಲೊಕೇಶನ್ ಮೂರೂ ತಡೆಯಲಾದವುಗಳ ಪಟ್ಟಿಯಲ್ಲಿದ್ದವು, ತಡೆದದ್ದು ಹೆಡರ್ ಎಂದು ಸ್ಪಷ್ಟವಾಗಿ ಬರೆದಿತ್ತು. ಹೋಸ್ಟಿಂಗ್ ಬದಲಿಸಿದಾಗ ನಮ್ಮ ಕಚೇರಿಯವರೇ ಸಿದ್ಧ ಟೆಂಪ್ಲೇಟ್ ಒಂದನ್ನು ಹಾಗೆಯೇ ನಕಲು ಮಾಡಿ ಹಾಕಿದ್ದರು. ನಾನು ಪರೀಕ್ಷಿಸುತ್ತಿದ್ದದ್ದು ಫೈರ್‌ಫಾಕ್ಸ್‌ನಲ್ಲಾದ್ದರಿಂದ ಆ ಸಾಲು ಇದ್ದರೂ ಇಲ್ಲದಂತೆಯೇ ಇತ್ತು. ಹೆಡರ್ ಓದದ ಬ್ರೌಸರ್ ನನಗೆ ಸರಿಯಾದ ಪುಟವನ್ನು ತೋರಿಸುತ್ತಿತ್ತು, ನಿಯಮವನ್ನು ಪೂರ್ಣವಾಗಿ ಪಾಲಿಸಿದ ಬ್ರೌಸರ್ ಕೆಟ್ಟಂತೆ ಕಾಣುತ್ತಿತ್ತು. ಮೂರು ವಾರ ನಾನು ಕ್ರೋಮನ್ನೇ ಅನುಮಾನಿಸಿದ್ದಕ್ಕೆ ಇದೇ ಕಾರಣ.

ಹೆಡರ್‌ನ ಖಾಲಿ ಆವರಣದೊಳಗೆ 'ಸೆಲ್ಫ್' ಮತ್ತು ವಿಡಿಯೋ ಸಂಸ್ಥೆಯ ಒರಿಜಿನ್ ಎರಡನ್ನೂ ಬರೆದೆ. ಪೆಟ್ಟಿಗೆ ಬಂತು, ಮುಖ ಕಂಡಿತು, ಆದರೆ ಕೊಠಡಿಗೆ ಸೇರಿದೊಡನೆ ಕ್ರೋಮ್‌ನಲ್ಲಿ ಪುನಃ ಕಪ್ಪು ಚೌಕ. ಕನ್ಸೋಲ್ ನೋಡಿದಾಗ ತಿಳಿದದ್ದೇನೆಂದರೆ, ಆ ಸಂಸ್ಥೆಯವರು ಪೂರ್ವಪರೀಕ್ಷೆಯನ್ನು ಒಂದು ಸಬ್‌ಡೊಮೇನ್‌ನಲ್ಲಿ (ಮುಖ್ಯ ಡೊಮೇನ್ ಹೆಸರಿನ ಮುಂದೆ ಒಂದು ಪದ ಸೇರಿಸಿದ ವಿಳಾಸ) ನಡೆಸಿ, ಕೊಠಡಿಗೆ ಬೇರೊಂದು ಸಬ್‌ಡೊಮೇನ್‌ಗೆ ಕಳುಹಿಸುತ್ತಾರೆ. ನನ್ನ ಅಲೋ ಆಟ್ರಿಬ್ಯೂಟ್‌ನಲ್ಲಿ ಒರಿಜಿನ್ ಬರೆದಿರಲಿಲ್ಲ, ಕ್ಯಾಮೆರಾ ಎಂಬ ಪದ ಮಾತ್ರ ಇತ್ತು; ಹಾಗೆ ಬರೆದರೆ ಅನುಮತಿ ಐಫ್ರೇಮ್‌ನ ಸೋರ್ಸ್ ವಿಳಾಸದ ಒರಿಜಿನ್‌ಗೆ ಮಾತ್ರ ಸಲ್ಲುತ್ತದೆಯಂತೆ. ಈಗ ಎರಡೂ ಸಬ್‌ಡೊಮೇನ್‌ಗಳನ್ನು ಹೆಡರ್‌ನಲ್ಲಿಯೂ ಆಟ್ರಿಬ್ಯೂಟ್‌ನಲ್ಲಿಯೂ ಹೆಸರು ಹಿಡಿದು ಬರೆದಿದ್ದೇನೆ. ಕ್ಲಿನಿಕ್‌ನ ಕ್ರೋಮ್ ಸರಿಯಾಯಿತು.

ಪಡುಕೆರೆಯವರ ಸಲಹೆಯನ್ನು ಕ್ಲಿನಿಕ್‌ನವರ ಮುಂದೆ ಇಟ್ಟೆ. ಅವರಿಗೆ ವ್ಯಾಯಾಮದ ವಿಡಿಯೋ ಮತ್ತು ಕೊಠಡಿ ಒಂದೇ ಪುಟದಲ್ಲಿ ಮೇಲೆ ಕೆಳಗೆ ಇರಲೇಬೇಕು, ಏಕೆಂದರೆ ರೋಗಿ ಅದನ್ನು ನೋಡಿಕೊಂಡು ಮಾಡುವಾಗ ಇವರು ಇತ್ತಲಿಂದ ತಿದ್ದುತ್ತಾರೆ. ಟ್ಯಾಬ್ ಬದಲಿಸುವುದು ಹಿರಿಯರಿಗೆ ಕಷ್ಟ ಎಂಬುದು ಹೆಬ್ರಿಯಲ್ಲಿ ನಾನೇ ಕಣ್ಣಾರೆ ಕಂಡದ್ದು. ಐಪ್ಯಾಡ್‌ನ ಲಾಗಿನ್ ಸುತ್ತಾಟ ಮಾತ್ರ ಇನ್ನೂ ಹಾಗೆಯೇ ಇದೆ.

ಉತ್ತರ: ಸೀತಾನದಿ

ಸೋರ್ಸ್ ವಿಳಾಸದ ವಿಷಯವನ್ನು ನೀವೇ ಕಂಡುಹಿಡಿದದ್ದು ಸಂತೋಷ. ಅದಕ್ಕೆ ಇನ್ನೊಂದು ಮಾತು ಸೇರಿಸುತ್ತೇನೆ: ಪುಟ ತೆರೆದ ಮೇಲೆ ಸ್ಕ್ರಿಪ್ಟ್ ಮೂಲಕ ಅಲೋ ಆಟ್ರಿಬ್ಯೂಟ್ ಬದಲಿಸಿದರೆ, ಐಫ್ರೇಮ್ ಮರುಲೋಡ್ ಆಗುವ ತನಕ ಅದು ಅನ್ವಯವಾಗುವುದಿಲ್ಲ. ಐಫ್ರೇಮ್‌ನೊಳಗೆ ಇನ್ನೊಂದು ಐಫ್ರೇಮ್ ಇದ್ದರೆ ಪ್ರತಿ ಮೆಟ್ಟಿಲಿನಲ್ಲಿಯೂ ಅಲೋ ಬರೆದಿರಬೇಕು, ನಡುವೆ ಒಬ್ಬರು ಮರೆತರೆ ಅಲ್ಲಿಗೇ ನಿಂತುಹೋಗುತ್ತದೆ.

ಐಪ್ಯಾಡ್‌ಗೆ ಬರುತ್ತೇನೆ. ಅಲ್ಲಿ ನಡೆಯುತ್ತಿರುವುದು ಕುಕಿಯ, ಅಂದರೆ ಸೈಟ್ ಬ್ರೌಸರ್‌ನಲ್ಲಿ ಇಡುವ ಗುರುತಿನ ಚೀಟಿಯ, ಡೀಫಾಲ್ಟ್. ವಿಡಿಯೋ ಸಂಸ್ಥೆಯ ಲಾಗಿನ್ ಕುಕಿ ನಿಮ್ಮ ಪುಟದ ದೃಷ್ಟಿಯಿಂದ ಮೂರನೆಯವರ ಕುಕಿ. ಸಫಾರಿ 2020ರ ಮಾರ್ಚ್‌ನಲ್ಲಿ 13.1ನೇ ಆವೃತ್ತಿಯಿಂದ ಮೂರನೆಯವರ ಕುಕಿಗಳನ್ನು ಡೀಫಾಲ್ಟ್ ಆಗಿಯೇ ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರ ಜೂನ್‌ನಿಂದ ಎಲ್ಲ ಬಳಕೆದಾರರಿಗೂ ತಡೆಯುವ ಬದಲು ಬೇರ್ಪಡಿಸುತ್ತದೆ, ಅಂದರೆ ಪ್ರತಿ ಮೇಲಿನ ಸೈಟ್‌ಗೂ ಬೇರೆ ಬೇರೆ ಜಾಡಿಯಲ್ಲಿ ಇಡುತ್ತದೆ; ನಿಮ್ಮ ಪುಟದೊಳಗೇ ಲಾಗಿನ್ ಆದರೆ ಆ ಜಾಡಿಯ ಕುಕಿ ಅಲ್ಲಿಗೆ ಸಾಕಾಗುತ್ತದೆ, ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಏನೂ ತೋರಲಿಲ್ಲ. ಕ್ರೋಮ್‌ನಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಅವು ಇನ್ನೂ ನಡೆಯುತ್ತವೆ. ತೆಗೆದುಹಾಕುವ ಯೋಜನೆಯನ್ನು ಗೂಗಲ್ 2024ರ ಜುಲೈಯಲ್ಲಿ ಕೈಬಿಟ್ಟಿತು. ಮೂರು ಬ್ರೌಸರ್, ಒಂದೇ ಕುಕಿಗೆ ಮೂರು ಡೀಫಾಲ್ಟ್. ಐಫೋನ್ ಅಥವಾ ಐಪ್ಯಾಡ್‌ನಲ್ಲಿ ಅವರಿಗೆ ಕ್ರೋಮ್ ಹಾಕಿಕೊಡುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ನಮ್ಮ ದೇಶದಲ್ಲಿ ಆ ಸಾಧನಗಳ ಕ್ರೋಮ್‌ನೊಳಗೆ ಇರುವುದೂ ಸಫಾರಿಯ ವೆಬ್‌ಕಿಟ್ ಎಂಜಿನ್ನೇ.

ಇದಕ್ಕೆ ಸ್ಟೋರೇಜ್ ಆಕ್ಸೆಸ್ ಎಪಿಐ ಎಂಬ ಒಪ್ಪಿತ ದಾರಿಯೊಂದಿದೆ. ಬಳಕೆದಾರರು ಐಫ್ರೇಮ್‌ನೊಳಗೆ ಒತ್ತಿದಾಗ ಕುಕಿಗಾಗಿ ಅನುಮತಿ ಕೇಳಬಹುದು. ಆದರೆ ಸಫಾರಿಯಲ್ಲಿ ಅದು ಫಲಿಸಲು ಆ ಹಿರಿಯರು ಹಿಂದೆ ಎಂದಾದರೂ ವಿಡಿಯೋ ಸಂಸ್ಥೆಯ ಸೈಟನ್ನು ನೇರವಾಗಿ ತೆರೆದು ಬಳಸಿರಬೇಕು. ಅವರು ತೆರೆದಿರುವುದು ಕ್ಲಿನಿಕ್‌ನ ಸೈಟ್ ಒಂದನ್ನೇ, ಆದ್ದರಿಂದ ಆ ಕೋರಿಕೆ ತಿರಸ್ಕೃತವಾಗುತ್ತದೆ.

ನನಗೆ ಸರಿ ಕಾಣುವ ದಾರಿ ಎಂದರೆ, ಕ್ಲಿನಿಕ್‌ನ ಡೊಮೇನ್‌ನ ಕೆಳಗೆ ಒಂದು ಸಬ್‌ಡೊಮೇನ್ ಮಾಡಿ ಅದನ್ನು ವಿಡಿಯೋ ಸಂಸ್ಥೆಯ ಸರ್ವರ್‌ಗೆ ತೋರಿಸುವುದು. ಇಂತಹ ಸಂಸ್ಥೆಗಳಲ್ಲಿ ಹಲವು ಈ ಸೌಲಭ್ಯ ಕೊಡುತ್ತವೆ, ಕೇಳಿ ನೋಡಿ. ಆಗ ಕುಕಿ ಅದೇ ಸೈಟ್‌ನದಾಗುತ್ತದೆ. ಇಲ್ಲಿ ಬಹಳ ಜನ ಎಡವುವ ಒಂದು ಸೂಕ್ಷ್ಮವಿದೆ. ಕುಕಿ ನೋಡುವುದು ಸೈಟನ್ನು; ಅದಕ್ಕೆ ಸಬ್‌ಡೊಮೇನ್ ಬೇರೆಯಾದರೂ ಮನೆ ಒಂದೇ. ಪರ್ಮಿಶನ್ಸ್ ಪಾಲಿಸಿ ನೋಡುವುದು ಒರಿಜಿನ್ ಅನ್ನು. ಅದಕ್ಕೆ ಸಬ್‌ಡೊಮೇನ್ ಬೇರೆಯಾದರೆ ಮನೆಯೇ ಬೇರೆ. ಕುಕಿಯ ತೊಂದರೆ ತೀರಿತೆಂದು ಅಲೋ ಆಟ್ರಿಬ್ಯೂಟ್ ತೆಗೆದುಬಿಟ್ಟರೆ ಕ್ಯಾಮೆರಾ ಮತ್ತೆ ಹೋಗುತ್ತದೆ. ಹೊಸ ಸಬ್‌ಡೊಮೇನನ್ನು ಹೆಡರ್‌ನಲ್ಲಿಯೂ ಆಟ್ರಿಬ್ಯೂಟ್‌ನಲ್ಲಿಯೂ ಹೆಸರಿಸಲೇಬೇಕು. ಜೊತೆಗೆ, ಬೇರೆಯವರ ಸರ್ವರ್‌ಗೆ ನಿಮ್ಮ ಡೊಮೇನಿನ ಹೆಸರು ಕೊಡುವುದು ವಿಶ್ವಾಸದ ಪ್ರಶ್ನೆಯೂ ಹೌದು. ಇಡೀ ಡೊಮೇನ್‌ಗೆ ಅನ್ವಯವಾಗುವಂತೆ ನೀವು ಹಾಕಿದ ಕುಕಿಗಳು ಆ ಸಬ್‌ಡೊಮೇನ್‌ಗೂ ಹೋಗುತ್ತವೆ. ಕ್ಲಿನಿಕ್‌ನ ಆಡಳಿತದ ಲಾಗಿನ್ ಕುಕಿಯನ್ನು ಮೊದಲು ಅದರ ಸ್ವಂತ ಹೋಸ್ಟ್‌ಗೆ ಸೀಮಿತಗೊಳಿಸಿ, ಆಮೇಲೆ ಈ ಕೆಲಸಕ್ಕೆ ಕೈ ಹಾಕಿ.

ಉತ್ತರ: ಕಾರ್ಕಳದ ದಾರಿ

ತಾಂತ್ರಿಕ ಭಾಗವನ್ನು ಬಲ್ಲವರು ಹೇಳಿದ್ದಾರೆ. ನಾನು ಅನುಮತಿ ಕೇಳುವ ಆ ಪೆಟ್ಟಿಗೆಯ ಬಗ್ಗೆ ಬರೆಯಬೇಕೆಂದಿದ್ದೇನೆ. ನಮ್ಮ ಮನೆಯಲ್ಲಿಯೂ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದಾರೆ, ಅವರಿಗೆ ಫೋನ್ ಹಿಡಿದುಕೊಡುವವಳು ನಾನೇ.

ಹಳೆಯ ಪದ್ಧತಿಯಲ್ಲಿ ಐಫ್ರೇಮ್ ತನ್ನ ಹೆಸರಿನಲ್ಲಿ ಕೇಳುತ್ತಿತ್ತು, ಓದುವವರಿಗೆ ಪರಿಚಯವೇ ಇಲ್ಲದ ಒಂದು ಹೆಸರು ಎದುರಿಗೆ ಬರುತ್ತಿತ್ತು. ಈಗ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡರಲ್ಲಿಯೂ ಸಾಮಾನ್ಯವಾಗಿ ಬರುವುದು ವಿಳಾಸ ಪಟ್ಟಿಯಲ್ಲಿ ಕಾಣುವ ಮೇಲಿನ ಸೈಟ್‌ನ ಹೆಸರು. ಇದು ಒಳ್ಳೆಯ ಬದಲಾವಣೆ ಎಂದು ನಾನು ನಂಬುತ್ತೇನೆ, ಏಕೆಂದರೆ ಅಜ್ಜಿ ನಂಬಿರುವುದು ಕ್ಲಿನಿಕ್ಕನ್ನು. ಆದರೆ ಇದರ ಅರ್ಥ, ಒಳಗಿರುವವರು ಯಾರೇ ಆದರೂ ಕೇಳುವುದು ನಿಮ್ಮ ಹೆಸರಿನಲ್ಲಿ. ಆ ಹೆಸರಿನ ಭಾರ ಸೈಟ್ ಕಟ್ಟಿದವರ ಮೇಲೆ ಬೀಳುತ್ತದೆ. ಆದ್ದರಿಂದ ಅಲೋ ಆಟ್ರಿಬ್ಯೂಟ್‌ನಲ್ಲಿ ಕ್ಯಾಮೆರಾದ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಕೆಲಸ ಮುಗಿಸುವ ಅಭ್ಯಾಸವನ್ನು ದಯವಿಟ್ಟು ಯಾರೂ ಮಾಡಬೇಡಿ. ನಕ್ಷತ್ರ ಹಾಕಿದರೆ ಆ ಐಫ್ರೇಮ್ ನಾಳೆ ಎಲ್ಲಿಗೆ ಹಾರಿದರೂ ಅನುಮತಿ ಅದರ ಬೆನ್ನಿಗೇ ಹೋಗುತ್ತದೆ. ಫೈರ್‌ಫಾಕ್ಸ್ ಇದನ್ನು ಗುರುತಿಸಿ, ಕ್ಯಾಮೆರಾ ಮತ್ತು ಮೈಕ್ರೋಫೋನಿನ ವಿಷಯದಲ್ಲಿ ಇಂಥ ಸೈಟ್ ಇಂಥ ಮೂರನೆಯವರಿಗೆ ಅನುಮತಿ ಕೊಡಬಹುದೇ ಎಂದು ಎರಡೂ ಹೆಸರುಗಳನ್ನು ಹೇಳಿ ಕೇಳುತ್ತದೆ. ಎರಡು ಹೆಸರು ಕಂಡಾಗ ನಮ್ಮ ಅಜ್ಜಿ ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಾರೆ.

ಇನ್ನೊಂದು ವಿನಂತಿ. ಬ್ರೌಸರ್‌ನ ಪೆಟ್ಟಿಗೆ ಬರುವ ಮುನ್ನ, ನಿಮ್ಮ ಪುಟದಲ್ಲಿಯೇ ದೊಡ್ಡ ಅಕ್ಷರದ ಕನ್ನಡದಲ್ಲಿ ಎರಡು ಸಾಲು ಬರೆಯಿರಿ: ಈಗ ಕ್ಯಾಮೆರಾ ಕೇಳುತ್ತದೆ, ಕೇಳುವುದು ವ್ಯಾಯಾಮ ನೋಡುವುದಕ್ಕೆ, ಕರೆ ಮುಗಿದ ಮೇಲೆ ನಿಲ್ಲುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸಮ್ಮತಿಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಾಗಲಿ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಾಗಲಿ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಅನುಮತಿ ಕೊಡುವವರಿಗೆ ಕೊಡುತ್ತಿರುವುದು ಏನೆಂದು ತಿಳಿದಿರಬೇಕು.

ಉತ್ತರ: ಪಡುಕೆರೆ

ಒಂದೇ ಪುಟದಲ್ಲಿ ಇರಬೇಕೆಂಬುದು ಚಿಕಿತ್ಸೆಯ ಅಗತ್ಯವೆಂದ ಮೇಲೆ ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಬಿಜೈಯವರು ಕೇಳಿದ ಮೂಲ ಪ್ರಶ್ನೆಗೆ, ಅಂದರೆ ಡೀಫಾಲ್ಟ್‌ಗಳನ್ನು ಹೊಂದಿಸುವುದು ಇಷ್ಟು ನಿಧಾನ ಏಕೆ ಎಂಬುದಕ್ಕೆ, ಇನ್ನೂ ಸ್ವಲ್ಪ ಹೇಳುವುದಿದೆ.

ಹೊಸ ಸೌಲಭ್ಯಕ್ಕೆ ಮೊದಲ ದಿನವೇ ಬಿಗಿಯಾದ ಡೀಫಾಲ್ಟ್ ಇಡುವುದು ಸುಲಭ, ಅದನ್ನು ನೆಚ್ಚಿಕೊಂಡ ಪುಟ ಇನ್ನೂ ಹುಟ್ಟಿರುವುದಿಲ್ಲ. ಆಗಲೇ ಸಡಿಲವಾಗಿರುವ ಡೀಫಾಲ್ಟ್ ಅನ್ನು ಬಿಗಿಗೊಳಿಸುವುದು ಕಷ್ಟ. ಮೊದಲು ಬಿಗಿಗೊಳಿಸಿದ ಬ್ರೌಸರ್‌ನಲ್ಲಿ ಹಳೆಯ ಪುಟಗಳು ಮುರಿಯುತ್ತವೆ, ಜನ ಆ ಬ್ರೌಸರ್ ಕೆಟ್ಟದ್ದೆಂದು ಬೇರೆಯದಕ್ಕೆ ಹೋಗುತ್ತಾರೆ. ಬಿಜೈಯವರೇ ಮೂರು ವಾರ ಕ್ರೋಮನ್ನು ಅನುಮಾನಿಸಿದ ಹಾಗೆ. ಆದ್ದರಿಂದ ಎಲ್ಲರೂ ಒಟ್ಟಿಗೆ ಹೆಜ್ಜೆ ಇಡಬೇಕು, ಇಲ್ಲವೇ ಯಾರೂ ಇಡಲಾರರು ಎಂಬ ಸ್ಥಿತಿ ಬರುತ್ತದೆ. ಬೇರೆ ಸೈಟ್‌ನೊಳಗಿಂದ ಕೇಳಿದಾಗ ಕುಕಿ ಹೋಗಬೇಕೇ ಎಂದು ಹೇಳುವ ಸೇಮ್‌ಸೈಟ್ ಗುಣವನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ಕ್ರೋಮ್ 80ರೊಂದಿಗೆ ಅದರ ಡೀಫಾಲ್ಟ್ 'ಲ್ಯಾಕ್ಸ್' (ಬಹುಮಟ್ಟಿಗೆ ಹೋಗಬಾರದು) ಆಗತೊಡಗಿತು. ಏಪ್ರಿಲ್‌ನಲ್ಲಿ ಕೋವಿಡ್ ಕಾಲದಲ್ಲಿ ಅಗತ್ಯ ಸೇವೆಗಳ ಸೈಟ್‌ಗಳು ಕೆಡಬಾರದೆಂದು ಗೂಗಲ್ ಅದನ್ನು ತಾತ್ಕಾಲಿಕವಾಗಿ ಹಿಂದೆಗೆದುಕೊಂಡಿತು. ಜುಲೈಯಲ್ಲಿ ಮತ್ತೆ ಆರಂಭಿಸಿತು. ಒಂದು ಡೀಫಾಲ್ಟ್ ಬದಲಿಸುವುದೆಂದರೆ ಬ್ಯಾಂಕು, ಔಷಧಿ, ಶಾಲೆಯ ಪುಟಗಳನ್ನೆಲ್ಲ ಒಮ್ಮೆಲೇ ಮುಟ್ಟಿದಂತೆ. ಆ ಎಚ್ಚರ ಸರಿಯಾದದ್ದೇ ಎಂದು ನನ್ನ ಅಭಿಪ್ರಾಯ.

ಎಂಜಿನ್‌ಗಳ ನಡುವಿನ ವ್ಯತ್ಯಾಸ ಎದ್ದುಕಾಣುವಂತೆ ಮಾಡುವ ಕೆಲಸ ನಡೆಯುವುದು ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಸಾಮಾನ್ಯ ಪರೀಕ್ಷೆಗಳ ಕಣಜದಲ್ಲಿ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರ ಫಲಿತಾಂಶವೂ ಅಲ್ಲಿ ಅಕ್ಕಪಕ್ಕದಲ್ಲಿ ಕಾಣುತ್ತದೆ, ಯಾರು ಬೇಕಾದರೂ ಹೊಸ ಪರೀಕ್ಷೆ ಬರೆದು ಸಲ್ಲಿಸಬಹುದು. ಬಿಜೈಯವರು ಕಂಡ ಸಬ್‌ಡೊಮೇನ್ ಬದಲಾವಣೆಯಂತಹ ಪ್ರಸಂಗವನ್ನು ಮೂರೇ ಪುಟಗಳ ಚಿಕ್ಕ ಉದಾಹರಣೆಯಾಗಿ ಕತ್ತರಿಸಿಟ್ಟುಕೊಂಡು, ಯಾವ ಬ್ರೌಸರ್ ನಿಯಮಕ್ಕಿಂತ ಬೇರೆ ರೀತಿ ವರ್ತಿಸುತ್ತದೋ ಆ ಬ್ರೌಸರ್‌ನವರ ದೋಷ ಪಟ್ಟಿಯಲ್ಲಿ ದಾಖಲಿಸುವುದು ನಮ್ಮಂಥವರ ಕೈಲಾಗುವ ಕೆಲಸ. ಅನುಮತಿಯ ಸೆಟ್ಟಿಂಗ್ಸ್ ಪುಟವನ್ನು ಎಂದೂ ತೆರೆಯದವರಿಗೆ ಡೀಫಾಲ್ಟ್ ಒಂದೇ ರಕ್ಷಣೆ. ಅದು ಯಾವ ಸಾಧನ ಕೈಯಲ್ಲಿದೆ ಎಂಬುದರ ಮೇಲೆ ಬದಲಾಗುವುದು ಅನ್ಯಾಯ ಎಂದು ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ವ್ಯಾಯಾಮದ ವಿಡಿಯೋಗಳ ಬಗ್ಗೆ ಇಲ್ಲಿಯವರೆಗೆ ಯಾರೂ ಬರೆದಿಲ್ಲ. ಅವು ತಾವಾಗಿ ಶಬ್ದದೊಂದಿಗೆ ಓಡುತ್ತವೆ ಎಂದು ನೆಚ್ಚಿಕೊಳ್ಳಬೇಡಿ. ಶಬ್ದವಿರುವ ಆಟೋಪ್ಲೇಗೆ ಸಫಾರಿ 2017ರಲ್ಲಿ, ಕ್ರೋಮ್ 2018ರ ಏಪ್ರಿಲ್‌ನಲ್ಲಿ, ಫೈರ್‌ಫಾಕ್ಸ್ 2019ರ ಮಾರ್ಚ್‌ನಲ್ಲಿ ಕಡಿವಾಣ ಹಾಕಿದವು, ಒಬ್ಬೊಬ್ಬರ ಲೆಕ್ಕಾಚಾರವೂ ಬೇರೆ. ಕ್ರೋಮ್‌ನಲ್ಲಿ ಅಲೋ ಆಟ್ರಿಬ್ಯೂಟ್‌ಗೆ ಆಟೋಪ್ಲೇ ಸೇರಿಸಿ ಮೇಲಿನ ಪುಟಕ್ಕೆ ಸಿಕ್ಕ ಸಲಿಗೆಯನ್ನು ಒಳಗಿನದಕ್ಕೂ ಕೊಡಬಹುದು, ಬೇರೆ ಕಡೆ ಅದನ್ನು ನಂಬುವಂತಿಲ್ಲ.

ಉತ್ತರ: ಬಿಜೈ ವೆಬ್

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ವಿಡಿಯೋ ಸಂಸ್ಥೆಯವರು ಸಬ್‌ಡೊಮೇನ್ ಏರ್ಪಾಡಿಗೆ ಒಪ್ಪಿದರು. ಅದಕ್ಕೂ ಮೊದಲು, ಸೀತಾನದಿಯವರು ಎಚ್ಚರಿಸಿದಂತೆ, ಕ್ಲಿನಿಕ್‌ನ ಆಡಳಿತದ ಕುಕಿಯಿಂದ ಡೊಮೇನ್ ಎಂಬ ಗುಣವನ್ನು ತೆಗೆದು ಅದನ್ನು ಒಂದೇ ಹೋಸ್ಟ್‌ಗೆ ಕಟ್ಟಿಹಾಕಿದೆ. ಪೂರ್ವಪರೀಕ್ಷೆ ಮತ್ತು ಕೊಠಡಿ ಈಗ ಒಂದೇ ಸಬ್‌ಡೊಮೇನ್‌ನಲ್ಲಿ ನಡೆಯುವುದರಿಂದ ಹೆಡರ್‌ನಲ್ಲಿಯೂ ಅಲೋದಲ್ಲಿಯೂ ಹಳೆಯ ಎರಡು ಹೆಸರುಗಳ ಜಾಗದಲ್ಲಿ ಒಂದೇ ಹೆಸರು ಸಾಕಾಯಿತು. ನಕ್ಷತ್ರ ಎಲ್ಲಿಯೂ ಇಲ್ಲ. ಜಿಯೋಲೊಕೇಶನ್‌ನ ಖಾಲಿ ಆವರಣವನ್ನು ಹಾಗೆಯೇ ಉಳಿಸಿದ್ದೇನೆ. ಕ್ಲಿನಿಕ್‌ಗೆ ಅದರ ಅಗತ್ಯವಿಲ್ಲ.

ಬೇರೆ ಬೇರೆ ಬ್ರೌಸರ್‌ಗಳಲ್ಲಿ ಪರೀಕ್ಷಿಸುವ ಕ್ರಮವನ್ನೂ ಬದಲಿಸಿದೆವು. ಮೊದಲು ಕ್ರೋಮ್‌ನಲ್ಲಿ, ಏಕೆಂದರೆ ಹೆಡರ್‌ನ ತಪ್ಪು ತೋರುವುದು ಅಲ್ಲಿ. ಆಮೇಲೆ ನಿಜವಾದ ಐಪ್ಯಾಡ್‌ನ ಸಫಾರಿಯಲ್ಲಿ, ಏಕೆಂದರೆ ಕುಕಿಯ ತಪ್ಪು ತೋರುವುದು ಅಲ್ಲಿ. ಕೊನೆಯಲ್ಲಿ ಫೈರ್‌ಫಾಕ್ಸ್‌ನಲ್ಲಿ, ಪೆಟ್ಟಿಗೆಯಲ್ಲಿ ಎಷ್ಟು ಹೆಸರು ಕಾಣುತ್ತದೆಂದು ನೋಡುವುದಕ್ಕೆ.

ಕಾರ್ಕಳದ ದಾರಿಯವರು ಹೇಳಿದ ಎರಡು ಸಾಲುಗಳನ್ನು ಕ್ಲಿನಿಕ್‌ನವರೇ ಕುಳಿತು ಬರೆದುಕೊಟ್ಟರು. ಅದರ ಕೆಳಗಿನ ಬಟನ್ ಒತ್ತಿದ ಮೇಲೆಯೇ ಐಫ್ರೇಮ್ ಲೋಡ್ ಆಗುತ್ತದೆ, ಆದ್ದರಿಂದ ಬ್ರೌಸರ್‌ನ ಪೆಟ್ಟಿಗೆ ಹಠಾತ್ತಾಗಿ ಎದುರಾಗುವುದಿಲ್ಲ. ವ್ಯಾಯಾಮದ ವಿಡಿಯೋಗಳಿಗೆ ಆಟೋಪ್ಲೇಯ ಆಸೆ ಬಿಟ್ಟು, ಒಂದೊಂದಕ್ಕೂ 'ಶುರು ಮಾಡಿ' ಎಂಬ ದೊಡ್ಡ ಬಟನ್ ಇಟ್ಟಿದ್ದೇವೆ.

ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಹೆಬ್ರಿಯ ಆ ಹಿರಿಯರ ಸರದಿ ಇತ್ತು. ನಾನು ಉಡುಪಿಯ ಕಡೆ ಕುಳಿತಿದ್ದೆ, ಈ ಬಾರಿ ಅವರ ಪಕ್ಕದಲ್ಲಿ ಯಾರೂ ಇರಲಿಲ್ಲ. ಎರಡು ಸಾಲನ್ನು ಅವರು ಗಟ್ಟಿಯಾಗಿ ಓದಿಕೊಂಡು ಅನುಮತಿ ಒತ್ತಿದರಂತೆ. ಕೊಠಡಿ ತೆರೆದಾಗ ನಮಗೆ ಮೊದಲು ಕಂಡದ್ದು ಅವರ ಮನೆಯ ಹಂಚಿನ ಮಾಡು. ಐಪ್ಯಾಡ್ ಅನ್ನು ಅವರು ಮೇಜಿನ ಮೇಲೆ ಮಲಗಿಸಿ ಇಟ್ಟಿದ್ದರು. ಎತ್ತಿ ಗೋಡೆಗೆ ಒರಗಿಸಲು ಹೇಳಿದೆವು. ಆಮೇಲೆ ಇಪ್ಪತ್ತು ನಿಮಿಷ ಕರೆ ಕಡಿಯದೆ ನಡೆಯಿತು, ಎಡ ಮಂಡಿಯನ್ನು ಎಷ್ಟು ಮಡಚಬೇಕೆಂಬುದನ್ನು ಕ್ಲಿನಿಕ್‌ನವರು ಮೂರು ಬಾರಿ ತಿದ್ದಿದರು.

ಪಡುಕೆರೆಯವರು ಹೇಳಿದ ಮೂರು ಪುಟಗಳ ಉದಾಹರಣೆಯನ್ನು ಕತ್ತರಿಸಿ ಇಟ್ಟಿದ್ದೇನೆ. ಕ್ರೋಮ್, ಫೈರ್‌ಫಾಕ್ಸ್, ಸಫಾರಿಯ ಇತ್ತೀಚಿನ ಆವೃತ್ತಿಗಳಲ್ಲಿ ಓಡಿಸಿ ಫಲಿತಾಂಶ ಬರೆದುಕೊಂಡಿದ್ದೇನೆ. ಹಳೆಯ ಆಂಡ್ರಾಯ್ಡ್ ಫೋನ್ ಇರುವವರು ಯಾರಾದರೂ ಅದನ್ನು ಒಮ್ಮೆ ತೆರೆದು, ಅನುಮತಿಯ ಪೆಟ್ಟಿಗೆಯಲ್ಲಿ ಯಾವ ಹೆಸರು ಬರುತ್ತದೆ ಎಂಬುದನ್ನು ಇಲ್ಲಿ ಬರೆದರೆ ಉಪಕಾರವಾಗುತ್ತದೆ. ಕ್ಲಿನಿಕ್‌ನ 12 ರೋಗಿಗಳ ಬಳಿ ಇರುವುದು ಅಂತಹ ಫೋನ್‌ಗಳೇ.